ಹೂವು, ವೀಳ್ಯ, ಮಂಡಕ್ಕಿ: ಸಣ್ಣ ಸುಖಗಳಿಗೂ ಒಂದು ಚರಿತ್ರೆ

ಬಾಗಳಿಯ ಕಲ್ಲೇಶ್ವರ ಗುಡಿ ನೋಡಿಕೊಂಡು ನಾವು ಹೊರಬಂದಾಗ ಬಿಸಿಲು ಇಳಿಯತೊಡಗಿತ್ತು. ತಿರುಗಣಿಗೆ ಹಾಕಿ ತಿರುವಿದಂತಿರುವ ಆ ಕಂಬಗಳನ್ನು ನೋಡಿ ಕಣ್ಣು ತುಂಬಿತ್ತು, ಕಾಲು ಸೋತಿತ್ತು. ನೆರಳು ಹುಡುಕಿಕೊಂಡು ಹೋದರೆ ಮರದ ಕೆಳಗಿನ ಕಟ್ಟೆಯ ಮೇಲೆ ಇಬ್ಬರು ಹಿರಿಯರು ಇದ್ದಿಲಿನಲ್ಲಿ ಗೆರೆ ಎಳೆದು ಹುಲಿ-ಕುರಿ ಆಟಕ್ಕೆ ಕೂತಿದ್ದರು. ಮೂರು ದೊಡ್ಡ ಹರಳು ಹುಲಿ, ಹದಿನೈದು ಸಣ್ಣ ಹರಳು ಕುರಿ.

“ಬರ್ರಿ ಸಾಹೇಬ್ರ, ಕುಂದ್ರಿ. ಗುಡಿ ನೋಡಾಕ ಬಂದ್ರೇನು?”

“ಹೌದ್ರಿ ಯಜಮಾನ್ರ.”

“ಗುಡಿ ಎಲ್ಲಿಗೂ ಹೋಗಂಗಿಲ್ಲ. ಈ ಆಟ ಮಾತ್ರ ಹೊತ್ತು ಮುಣುಗಿದ್ರ ಮುಗೀತದ. ಮೊದ್ಲು ಇದನ್ನ ನೋಡ್ರಿ.”

ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಗುಡಿಗೆ ಶಾಸನವಿದೆ. ಕ್ರಿ.ಶ. 987ರ ಶಾಸನ ದುಗ್ಗಿಮಯ್ಯನೆಂಬವನ ಹೆಸರು ಹೇಳುತ್ತದೆ. ಆಗ ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪ. ದಾನ ಕೊಟ್ಟವರು, ದತ್ತಿ ಬಿಟ್ಟವರು ಕಲ್ಲಿನಲ್ಲಿ ಉಳಿದುಕೊಂಡರು. ಆದರೆ ದಿನದ ಕೆಲಸ ಮುಗಿಸಿ ಅದೇ ಕಲ್ಲಿಗೆ ಬೆನ್ನು ಕೊಟ್ಟು ಕೂತವರು ಆ ಸಂಜೆ ಏನು ಮಾಡಿದರು? ಯಾವುದಕ್ಕೆ ನಕ್ಕರು? ಕಿಸೆಯಲ್ಲಿ ಒಂದು ಕಾಸು ಹೆಚ್ಚಿಗೆ ಇದ್ದ ದಿನ ಏನು ಕೊಂಡರು? ಚರಿತ್ರೆಯ ಪುಸ್ತಕಗಳು ಇದನ್ನು ಹೇಳುವುದು ಕಡಿಮೆ. ಯುದ್ಧಕ್ಕೆ ತೇದಿ ಇದೆ, ತೆರಿಗೆಗೆ ಲೆಕ್ಕ ಇದೆ. ಸುಖಕ್ಕೆ ಎರಡೂ ಇಲ್ಲ.

ಅರಸರ ಸುಖಕ್ಕಾದರೆ ಲೆಕ್ಕ ಸಿಗುತ್ತದೆ. ತೈಲಪನ ವಂಶದವನೇ ಆದ ಮುಮ್ಮಡಿ ಸೋಮೇಶ್ವರನು ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಇಪ್ಪತ್ತು ಅಧ್ಯಾಯಗಳಿಗೆ ಒಂದು ಭಾಗದಂತೆ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದು, ಉಳಿಸುವುದು ಮೊದಲೆರಡು ಭಾಗಗಳಲ್ಲಿ ಮುಗಿದು, ಉಳಿದ ಮೂರೂ ಭಾಗಗಳು ಭೋಗಕ್ಕೆ, ವಿನೋದಕ್ಕೆ, ಕ್ರೀಡೆಗೆ ಮೀಸಲು. ಇಂದಿನ ಇಡ್ಲಿಯ ಹಿರಿಯನಂತಿರುವ ‘ಇಡ್ಡರಿಕಾ’ ಅಲ್ಲಿದೆ. ಕೋಳಿ ಅಂಕವಿದೆ, ಕಥೆ ಕೇಳುವ ವಿನೋದವಿದೆ, ಮರಳಾಟವಿದೆ, ಕವಡೆಯಾಟವಿದೆ, ಬೆಳದಿಂಗಳಿನಲ್ಲಿ ಆಡುವ ಆಟವೂ ಇದೆ. ಓದುವಾಗ ಹೊಟ್ಟೆಕಿಚ್ಚಾಗುವುದು ನಿಜ. ಆದರೆ ಸ್ವಲ್ಪ ಯೋಚಿಸಿದರೆ ನಗು ಬರುತ್ತದೆ. ಮರಳು, ಕವಡೆ, ಬೆಳದಿಂಗಳು ಅರಸನ ಬೊಕ್ಕಸದಿಂದ ಬಂದವೇ? ಹೊಳೆ ದಂಡೆಯ ಮಕ್ಕಳು ಆಡುತ್ತಿದ್ದ ಆಟವನ್ನೇ ಅರಮನೆ ಎತ್ತಿಕೊಂಡು ಅದಕ್ಕೊಂದು ಅಧ್ಯಾಯ ಕಟ್ಟಿರಬೇಕು ಎಂದು ನಮ್ಮ ಅನಿಸಿಕೆ.

ಬಡವರು ತಮ್ಮ ಅಧ್ಯಾಯವನ್ನು ಬೇರೆ ಕಡೆ ಬರೆದಿದ್ದಾರೆ. ಹಂಪಿಗೆ ಹೋದವರು ಮುಂದಿನ ಸಲ ತಲೆ ಎತ್ತಿ ಶಿಖರ ನೋಡುವ ಬದಲು ತಲೆ ತಗ್ಗಿಸಿ ಮಂಟಪಗಳ ನೆಲ ನೋಡಲಿ. ಕಲ್ಲಿನ ಹಾಸಿನ ಮೇಲೆ ಅಲ್ಲಲ್ಲಿ ಆಟದ ಮನೆಗಳು ಕೆತ್ತಿವೆ. ಹುಲಿ-ಕುರಿಯ ಗೆರೆಗಳು, ಚೌಕಾಬಾರದ ಚೌಕಗಳು, ಅಳಗುಳಿಯ ಕುಣಿಗಳು. ಕಾವಲಿನವನೋ, ದನ ಕಾಯುವವನೋ, ಸಂತೆಯ ದಿನ ಗಿರಾಕಿಗೆ ಕಾದು ಕೂತವನೋ ಉಳಿ ಹಿಡಿದು ಕೆತ್ತಿದ್ದು. ಸಾಮ್ರಾಜ್ಯದ ವೈಭವದ ಪಕ್ಕದಲ್ಲೇ ಒಬ್ಬ ಹೆಸರಿಲ್ಲದವನ ಬಿಡುವಿನ ಹೊತ್ತು ಹೀಗೆ ಉಳಿದಿದೆ. ಬಾಗಳಿಯ ಕಟ್ಟೆಯ ಹಿರಿಯರ ಇದ್ದಿಲ ಗೆರೆಯನ್ನು ನಾಳೆಯ ಮಳೆ ತೊಳೆಯಬಹುದು. ಅದು ಆ ಕಲ್ಲಿನ ಗೆರೆಗಳ ಸಂತತಿಯೇ.

ಪಟ್ಟಣದ ಸಣ್ಣ ಸುಖಗಳ ಬಗ್ಗೆ ನಮ್ಮ ಸೀಮೆಗೆ ಸಿಗುವ ಒಂದು ಒಳ್ಳೆಯ ಸಾಕ್ಷಿ ಫಾರಸಿಯಲ್ಲಿದೆ. ಹೆರಾತಿನಲ್ಲಿ ಹುಟ್ಟಿದ ಅಬ್ದುರ್ರಜಾಕ್ ಸಮರ್ಕಂದಿ ತೈಮೂರನ ಮಗ ಶಾಹ್ ರುಖ್‌ನ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ. ಅವನು ಕೋಟೆಯ ಏಳು ಸುತ್ತುಗಳನ್ನು ವರ್ಣಿಸಿದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನಮಗೆ ಹಿಡಿಸುವುದು ಅವನ ಬಜಾರಿನ ಮಾತು. ಆ ಪೇಟೆಯಲ್ಲಿ ಎಲ್ಲೆಂದರಲ್ಲಿ ಗುಲಾಬಿ ಮಾರುತ್ತಿದ್ದರಂತೆ. ಈ ಊರಿನವರು ಹೂವಿಲ್ಲದೆ ಬದುಕಲಾರರು, ಹೂವನ್ನು ಅನ್ನದಷ್ಟೇ ಅಗತ್ಯವೆಂದು ತಿಳಿದಿದ್ದಾರೆ ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಗುಲಾಬಿಗೆ ಹೆಸರಾದ ದೇಶದಿಂದ ಬಂದವನಿಗೇ ಇದು ಸೋಜಿಗವೆನಿಸಿತು ಎಂದರೆ ಆ ಪೇಟೆ ಹೇಗಿದ್ದಿರಬೇಕು!

ಬಾಗಳಿಯಿಂದ ಬಹಳ ದೂರವಲ್ಲದ ಹಡಗಲಿಯನ್ನು ಜನ ಇಂದಿಗೂ ‘ಹೂವಿನ ಹಡಗಲಿ’ ಎಂದೇ ಕರೆಯುತ್ತಾರೆ. ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತು ಎಂಬುದು ಊರವರ ಮಾತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಾನ್ಯತೆ ಸರಕಾರದ ಕಾಗದ. ಬಸ್ ನಿಲ್ದಾಣದಲ್ಲಿ ಕೂತ ಅಜ್ಜಿ ಮೊಳ ಅಳೆದು ಕೊಡುವಾಗ ಕೊನೆಗೆ ಒಂದು ಗೇಣು ಹೆಚ್ಚಿಗೆ ಬಿಡುತ್ತಾಳಲ್ಲ, ಆ ಗೇಣಿನಲ್ಲಿ ಇರುವ ಸುಖಕ್ಕೆ ಕಾಗದ ಬೇಕಿಲ್ಲ. ಜುಮ್ಮಾ ದಿನ ಮನೆಗೆ ಹೂವು ಒಯ್ಯುವ ಸಾಬರೂ, ಸೋಮವಾರ ಗುಡಿಗೆ ಒಯ್ಯುವ ಗೌಡರೂ ಅದೇ ಬುಟ್ಟಿಯ ಮುಂದೆ ಬಗ್ಗಿದವರು.

ಅಬ್ದುರ್ರಜಾಕ್ ವೀಳ್ಯದ ಬಗ್ಗೆಯೂ ಮನಸಾರೆ ಬರೆದಿದ್ದಾನೆ. ಎಲೆಯನ್ನು ಹೇಗೆ ಸುಣ್ಣ, ಅಡಕೆಯೊಂದಿಗೆ ಮೆಲ್ಲುತ್ತಾರೆ, ಅದರಿಂದ ಮೈಗೆ ಏನಾಗುತ್ತದೆ ಎಂದು ಹೊಸ ಪಾಠ ಕಲಿತ ಹುಡುಗನಂತೆ ವಿವರಿಸುತ್ತಾನೆ. ಆಸ್ಥಾನಕ್ಕೆ ಹೋದಾಗ ಅರಸ ಅವನಿಗೆ ವೀಳ್ಯ, ಕರ್ಪೂರ, ಹಣದ ಚೀಲ ಕೊಡುತ್ತಿದ್ದ. ಹಣದ ಚೀಲ ರಾಯಭಾರಿಗೆ, ವೀಳ್ಯ ಅತಿಥಿಗೆ ಎಂದು ನಾವು ಓದಿಕೊಂಡಿದ್ದೇವೆ.

ಆ ಪೇಟೆಯಲ್ಲಿ ಮುಸಲ್ಮಾನರು ಬರೀ ಅತಿಥಿಗಳಾಗಿರಲಿಲ್ಲ. ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಅಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದರ ಶಾಸನ ಕನ್ನಡದಲ್ಲಿದೆ. ಕಟ್ಟಡವನ್ನು ಅದು ‘ಧರ್ಮಸಾಲೆ’ ಎಂದು ಕರೆಯುತ್ತದೆ. ಕಟ್ಟಿಸಿದ್ದು ದೇವರಾಯನಿಗೆ ಪುಣ್ಯವಾಗಲೆಂದು. ಜೊತೆಗೆ ಒಂದು ಬಾವಿ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲಕ್ಕೆ, ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೂಡ ನಗರದ ಒಂದು ಬೀದಿಯ ಕೊನೆಗೆ ಮುಸಲ್ಮಾನರ ಕೇರಿ ಇದ್ದುದನ್ನೂ, ಅವರಲ್ಲಿ ಹಲವರು ಇದೇ ನಾಡಿನವರು, ಅರಸನ ಕಾವಲು ಪಡೆಯವರು ಎಂಬುದನ್ನೂ ಬರೆದಿದ್ದಾನೆ. ದಿನವೂ ಸಂಜೆ ಕೂಡುತ್ತಿದ್ದ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ ಮಾರುತ್ತಿದ್ದುದನ್ನೂ ಅವನು ಕಂಡ. ಕಾವಲು ಮುಗಿಸಿ ಮನೆಗೆ ಹೊರಟ ಆ ಸಿಪಾಯಿ ಸಂಜೆ ಸಂತೆಯಲ್ಲಿ ಮಗುವಿಗೊಂದು ಕಿತ್ತಳೆ ಕೊಳ್ಳದೆ ಹೋದಾನೇ? ನಾವು ಕಥೆ ಬರೆಯುವವರು. ನಮಗೆ ಅವನು ಕಾಣುತ್ತಾನೆ.

ಒಂದು ಮಾತನ್ನು ಇಲ್ಲಿ ನೆನೆಯಬೇಕು. ಆ ಸಂತೆಯ ಸಿಪಾಯಿಗೆ ಇಂದಿನ ನಮ್ಮ ಸಂಜೆಯ ಸುಖ ಗೊತ್ತಿರಲಿಲ್ಲ. ಹರಪನಹಳ್ಳಿ, ಕೊಟ್ಟೂರು, ದಾವಣಗೆರೆಗಳಲ್ಲಿ ಸಂಜೆ ಎಂದರೆ ಮಂಡಕ್ಕಿ-ಮಿರ್ಚಿ ಮತ್ತು ಒಂದು ಚಾ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಅಬ್ದುರ್ರಜಾಕ್ ಬಂದಾಗ ಈ ದೇಶದಲ್ಲಿ ಅದು ಇರಲೇ ಇಲ್ಲ. ಚಾ ನಮ್ಮ ಕಡೆಯ ಸಾಮಾನ್ಯರ ಬಾಯಿಗೆ ಹತ್ತಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಚಾ ಕಂಪನಿಗಳವರು ಊರೂರಿಗೆ ಹೋಗಿ ಪುಕ್ಕಟೆ ಕುಡಿಸಿ ರುಚಿ ಹಚ್ಚಿದರು. ನಮ್ಮದು ನಮ್ಮದು ಎಂದು ನಾವು ಎದೆ ತಟ್ಟಿಕೊಳ್ಳುವ ಸುಖಗಳಲ್ಲಿ ಎಷ್ಟೋ ಹೀಗೆ ಹೊರಗಿನಿಂದ ಬಂದು ಮನೆಯವಾದವು. ಬಂದಾಗ ಯಾರೂ ಅವುಗಳ ಜಾತಿ ಕೇಳಲಿಲ್ಲ.

ಮಂಡಕ್ಕಿಗೆ ಇನ್ನೊಂದು ಚರಿತ್ರೆಯೂ ಇದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರಲ್ಲಿ ನಮ್ಮ ಸಮುದಾಯದ ಬಡವರೇ ಬಹಳ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಿ ಅಕ್ಕಿ ಮಾಡಬೇಕು, ಉಪ್ಪು ನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿಯಬೇಕು. ಬೆಂಕಿಯ ಝಳ, ಹೊಗೆ, ಮಸಿ. ಹಗುರವಾದ ಆ ಬಿಳಿ ಕಾಳು ನಮ್ಮ ಕೈಗೆ ಬರುವ ಮುನ್ನ ಯಾರದೋ ಎದೆಯಲ್ಲಿ ಕೆಮ್ಮು ಬಿಟ್ಟು ಬಂದಿರುತ್ತದೆ. ಸಣ್ಣ ಸುಖವನ್ನು ಹೊಗಳುವಾಗ ಅದರ ಹಿಂದಿನ ಬೆವರನ್ನು ಮರೆತರೆ ನಾವೂ ಅರಸನ ಗ್ರಂಥವನ್ನೇ ಬರೆದಂತಾಗುತ್ತದೆ.

ಹಾಗೆಯೇ, ಈ ಸುಖದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೋಟೆಲಿನ ಹೊರಗೆ ನಿಂತು, ತಮಗೆಂದೇ ಇಟ್ಟ ಬೇರೆ ಲೋಟದಲ್ಲಿ ಚಾ ಕುಡಿದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ! 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲಿಗೆ ಬರಬೇಡವೆನ್ನುವುದನ್ನು ಅಪರಾಧ ಮಾಡಿತು. ಆದರೆ ಕಾನೂನು ಬಂದ ದಿನವೇ ಲೋಟ ಒಂದಾಗಲಿಲ್ಲ. ಇನ್ನು ಹೆಂಗಸರು? ಕಟ್ಟೆಯ ಮೇಲೆ ಹುಲಿ-ಕುರಿ ಆಡುವವರಲ್ಲಿ ಹೆಂಗಸರನ್ನು ನಾವು ಕಂಡಿಲ್ಲ. ಅವರ ಅಳಗುಳಿಮಣೆ ಮನೆಯೊಳಗೆ, ಹುಣಸೆ ಬೀಜದೊಂದಿಗೆ, ಒಲೆಯ ಮೇಲಿನ ಎಸರು ಕುದಿಯುವ ತನಕ ಮಾತ್ರ. ನಮ್ಮ ಅಮ್ಮಿಗೆ ಇದ್ದ ಒಂದೇ ಹವ್ಯಾಸ ರೇಡಿಯೋ. ಬಟ್ಟೆ ಹೊಲಿಯುತ್ತ ಹಾಡು ಕೇಳುವಾಗ ಯಾರಾದರೂ ಗಂಡಸರ ಹೆಜ್ಜೆ ಸಪ್ಪಳವಾದರೆ ದನಿ ತಗ್ಗಿಸುತ್ತಿದ್ದಳು. 1952ರಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಶುರು ಮಾಡಿದ ಅಮೀನ್ ಸಯಾನಿ 2024ರಲ್ಲಿ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಮಗೆ ಮೊದಲು ನೆನಪಾದದ್ದು ಅಮ್ಮಿಯ ಆ ಕೈ, ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದ ಬೆರಳು.

ಇದನ್ನು ನಮ್ಮವರೊಂದಿಗೆ ಮಾತಾಡಲೇಬೇಕು. ನಮ್ಮಲ್ಲಿ ‘ಫುಜೂಲ್’ ಎಂಬ ಒಂದು ಮಾತಿದೆ. ಹೂ ಗಿಡ ಸಾಕಿದರೆ ಫುಜೂಲ್, ಹುಡುಗಿ ಕೇರಂ ಆಡಿದರೆ ಫುಜೂಲ್, ಕಥೆ ಪುಸ್ತಕ ಓದಿದರಂತೂ ಕೇಳುವುದೇ ಬೇಡ. ದೀನದಾರರೆನಿಸಿಕೊಳ್ಳಲು ಮುಖ ಗಂಟಿಕ್ಕಿಕೊಂಡೇ ಇರಬೇಕೇ? ಹದೀಸಿನಲ್ಲಿ ಹಂಜಲಾ ಎಂಬ ಸಹಾಬಿಯ ಪ್ರಸಂಗವಿದೆ. ಪ್ರವಾದಿಯವರ (ಸ) ಸನ್ನಿಧಿಯಲ್ಲಿ ಪರಲೋಕ ಕಣ್ಣೆದುರು ಕಾಣುತ್ತದೆ, ಮನೆಗೆ ಹೋಗಿ ಹೆಂಡತಿ ಮಕ್ಕಳೊಂದಿಗೆ ಬೆರೆತರೆ ಮರೆತುಹೋಗುತ್ತದೆ, ನಾನು ಕಪಟಿಯಾದೆನೇನೋ ಎಂದು ಆತ ಕಳವಳಗೊಂಡ. ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂದು ಪ್ರವಾದಿಯವರು ಆತನನ್ನು ಸಂತೈಸಿದರು. ಈದಿನ ದಿನ ಮಸೀದಿಯ ಅಂಗಳದಲ್ಲಿ ಅಬಿಸೀನಿಯದವರು ಈಟಿಯ ಆಟ ಆಡಿದಾಗ ಹಜ್ರತ್ ಆಯಿಷಾರಿಗೆ ಸಾಕೆನಿಸುವ ತನಕ ಅದನ್ನು ನೋಡಲು ಅವರು ಆಸರೆಯಾಗಿ ನಿಂತದ್ದೂ ಹದೀಸಿನಲ್ಲೇ ಇದೆ. ನಮ್ಮ ಮನೆಗಳಲ್ಲಿ ಹೆಂಗಸರಿಗೆ ಸಾಕೆನಿಸುವ ತನಕ ನಾವು ಎಂದಾದರೂ ಕಾದಿದ್ದೇವೆಯೇ?

ಇನ್ನು ಹೊರಗಿನ ಗೋಡೆ. ನಮ್ಮ ಸೀಮೆಯ ದೊಡ್ಡ ಸುಖ ಎಂದರೆ ಜಾತ್ರೆ. ಕೊಟ್ಟೂರಿನ ಗುರು ಬಸವೇಶ್ವರನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ. ಜಾತ್ರೆಯಲ್ಲಿ ಬೆಂಡು-ಬತ್ತಾಸು ಯಾರದು, ಬಳೆ ಯಾರದು, ಪೀಪಿ ಯಾರದು ಎಂದು ಕೇಳಿಕೊಂಡು ನಮ್ಮ ಹಿರಿಯರು ಕೊಂಡವರಲ್ಲ. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲವೆಂಬ ಫಲಕಗಳು ಎದ್ದವು. ಆ ಕೂಗು ರಾಜ್ಯದ ಬೇರೆ ಕಡೆಗೂ ಹಬ್ಬಿತು. ಹೊಟ್ಟೆಯ ಮೇಲೆ ಹೊಡೆದದ್ದು ಎಲ್ಲರಿಗೂ ಕಾಣಿಸಿತು. ಇನ್ನೊಂದು ನಷ್ಟದ ಲೆಕ್ಕ ಯಾರೂ ಇಡಲಿಲ್ಲ. ಬಳೆ ತೊಡಿಸುವಾಗ ಮುಂಗೈ ಹಿಡಿದು “ನೋವಾತೇನವ್ವ?” ಎಂದು ಕೇಳುವ ಸಾಬಜ್ಜ, “ಇಲ್ಲ ತಗೀರಿ ಅಜ್ಜಾ” ಎನ್ನುವ ಹೊಸ ಮದುಮಗಳು: ಆ ಎರಡು ಮಾತು ಹೋದರೆ ಬಳೆ ಬರೀ ಗಾಜು.

ಬಾಗಳಿಯ ಸುತ್ತಲಿನ ಊರುಗಳಿಂದ ಈಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು ಬಹಳ. ಆ ಹಿರಿಯರಲ್ಲಿ ಒಬ್ಬರ ಮಗನೂ ಅಲ್ಲೇ ಇದ್ದಾನಂತೆ. “ಅಲ್ಲಿ ಹೆಂಗ ಹೊತ್ತು ಕಳೀತಾನ್ರಿ?” ಎಂದು ಕೇಳಿದೆವು. “ಶೆಡ್ಡಿನಾಗ ರಾಯಚೂರು ಕಡೇರು, ಬಿಹಾರದೋರು ಅದಾರಂತ. ಅವರಿಗೂ ಹುಲಿ-ಕುರಿ ಕಲಿಸ್ಯಾನಂತ್ರಿ” ಎಂದು ಅವರು ನಕ್ಕರು. ಕಟ್ಟುತ್ತಿರುವ ಮಹಡಿಯ ಹಸಿ ಸಿಮೆಂಟಿನ ಮೇಲೆ ಅವನೂ ಒಂದು ಆಟದ ಮನೆ ಗೀಚಿರಬಹುದು. ಮುಂದೆ ಅದರ ಮೇಲೆ ಹೊಳೆಯುವ ಹಾಸುಗಲ್ಲು ಬೀಳುತ್ತದೆ. ಅಡಿಯಲ್ಲಿ ಗೆರೆ ಇರುತ್ತದೆ.

ಆ ಹೊತ್ತಿಗೆ ಆಟ ಮುಗಿಯಲು ಬಂದಿತ್ತು. ಕುರಿಗಳು ಒಂದಕ್ಕೊಂದು ಒತ್ತಾಗಿ ನಿಂತು ಎರಡು ಹುಲಿಗಳನ್ನು ಕಟ್ಟಿಹಾಕಿದ್ದವು. ಮೂರನೆಯದಕ್ಕೆ ಇನ್ನೂ ಒಂದು ದಾರಿ ಉಳಿದಿತ್ತು. ಕತ್ತಲಾಯಿತೆಂದು ಅಜ್ಜ ಹರಳುಗಳನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಎದ್ದರು.

“ನಾಳೆ ಬರ್ರಿ ಸಾಹೇಬ್ರ, ನಿಮಗ ಕುರಿ ಕೊಡ್ತೀನಿ” ಎಂದರು.

ಬಸ್ಸಿನಲ್ಲಿ ಕೂತಾಗ ನಮಗೆ ಗುಡಿಗಿಂತ ಹೆಚ್ಚಾಗಿ ನೆನಪಾಗುತ್ತಿದ್ದುದು ಆ ಕರೆಯೇ.