ರಾತ್ರಿ ಬಂದ ಹಡಗು: ಪತ್ತೇದಾರರನ್ನು ಎಬ್ಬಿಸುವುದು ಯಾವಾಗ?

ಪೊಲೀಸರಿಗೆ ಡ್ಯೂಟಿ ಮುಗಿಯುವ ಹೊತ್ತು ಅಂತ ಒಂದಿದೆಯೇ? ಕಾನೂನನ್ನು ಕೇಳಿದರೆ ಇಲ್ಲ. ಬ್ರಿಟಿಷರು 1861ರಲ್ಲಿ ತಂದ ಪೊಲೀಸ್ ಕಾಯ್ದೆಯ 22ನೇ ಕಲಂ, ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯೂ ಸದಾ ಕರ್ತವ್ಯದಲ್ಲಿರುವವನೇ ಎಂದು ಬರೆದಿಟ್ಟಿತು. ಆದರೆ ರಾತ್ರಿ ಠಾಣೆಯ ಬಾಗಿಲು ತಟ್ಟಿದವರಿಗೆ ಗೊತ್ತು, ಅಲ್ಲಿ ಪಹರೆಯವರು ಇರುತ್ತಾರೆ, ದೂರು ಬರೆದುಕೊಳ್ಳುವವರೂ ಇರುತ್ತಾರೆ. ಅಪರಾಧದ ಜಾಡು ಹಿಡಿಯಬಲ್ಲ ಅನುಭವಿ ಮಾತ್ರ ಹೆಚ್ಚಾಗಿ ಮನೆಯಲ್ಲಿ ನಿದ್ದೆಯಲ್ಲಿರುತ್ತಾನೆ. ಅವನನ್ನು ಎಬ್ಬಿಸಬೇಕೇ, ಬೆಳಗಾಗಲಿ ಎಂದು ಕಾಯಬೇಕೇ? ಎಷ್ಟೋ ಪ್ರಕರಣಗಳ ಹಣೆಬರಹ ಈ ಒಂದು ತೀರ್ಮಾನದಲ್ಲೇ ಇರುತ್ತದೆ.

ಪಹರೆ ಮತ್ತು ಪತ್ತೇದಾರಿ ಮೊದಲಿನಿಂದಲೂ ಒಂದೇ ಆಗಿರಲಿಲ್ಲ. ಲಂಡನ್ ಪೊಲೀಸರು 1842ರಲ್ಲಿ ಬೆರಳೆಣಿಕೆಯ ಮಂದಿಯಿಂದ ಪತ್ತೇದಾರಿ ಶಾಖೆಯನ್ನು ಶುರು ಮಾಡಿದರು. ನಮ್ಮಲ್ಲಿ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ತೆರೆಯಿತು. 1902–03ರ ಫ್ರೇಸರ್ ಆಯೋಗ ಪ್ರತಿ ಪ್ರಾಂತ್ಯಕ್ಕೂ ಒಂದು ಸಿಐಡಿ ಬೇಕೆಂದು ಶಿಫಾರಸು ಮಾಡಿತು. ತನಿಖೆ ಹೀಗೆ ಒಂದು ವಿದ್ಯೆಯಾಯಿತು. ಅದರ ಜೊತೆಗೇ ಒಂದು ತೊಡಕೂ ಬಂತು. ವಿದ್ಯೆ ಬಲ್ಲವರು ಕೆಲವರೇ, ಅಪರಾಧಕ್ಕೆ ಮಾತ್ರ ಹೊತ್ತುಗೊತ್ತಿಲ್ಲ.

ಈ ತೊಡಕು ಎಷ್ಟು ದೊಡ್ಡದಾಗಬಹುದು ಎಂದು ನೋಡಲು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ಗೆ ಹೋಗೋಣ. ಇದು ಪ್ರಕೃತಿ ಕೊಟ್ಟ ದ್ವೀಪವಲ್ಲ. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ, ಹಡಗಿನ ದಾರಿಗಾಗಿ ಹಿನ್ನೀರಿನ ತಳ ತೋಡಿಸಿ, ಬಂದ ಮಣ್ಣನ್ನೇ ಸುರಿದು ಕಟ್ಟಿಸಿದ ನೆಲ. ಆಗಿನ ವೈಸ್‌ರಾಯ್ ಹೆಸರನ್ನೇ ಅದಕ್ಕಿಟ್ಟರು. ಬಂದರು ಕಚೇರಿ, ಕಸ್ಟಮ್ಸ್ ಕಚೇರಿ ಎಲ್ಲ ಅಲ್ಲೇ. ಕಚೇರಿಗಳಿಗೆ ಸಂಜೆ ಬೀಗ ಬೀಳುತ್ತದೆ, ಹಡಗುಗಳು ರಾತ್ರಿಯೂ ಬರುತ್ತವೆ.

2012ರ ಫೆಬ್ರುವರಿ 15ರಂದು ಅಂಥದೇ ಒಂದು ಹಡಗು ಬಂತು. ಅಂದು ಸಂಜೆ ನಾಲ್ಕೂವರೆ ಸುಮಾರಿಗೆ, ಕೇರಳ ಕರಾವಳಿಯಿಂದ ಇಪ್ಪತ್ತು ನಾಟಿಕಲ್ ಮೈಲಿಯಷ್ಟು ದೂರದಲ್ಲಿ, ಸೇಂಟ್ ಆಂಟನಿ ಎಂಬ ಮೀನುಗಾರಿಕೆ ದೋಣಿಯ ಮೇಲೆ ಗುಂಡು ಹಾರಿತು. ಇಬ್ಬರು ಮೀನುಗಾರರು ಸತ್ತರು. ಗುಂಡು ಬಂದದ್ದು ಇಟಲಿಯ ತೈಲ ಹಡಗು ಎನ್ರಿಕಾ ಲೆಕ್ಸಿಯಿಂದ. ಕಡಲ್ಗಳ್ಳರೆಂದು ಭಾವಿಸಿದೆವು ಎಂಬುದು ಹಡಗಿನ ಕಾವಲಿಗಿದ್ದ ಇಟಲಿ ನೌಕಾಪಡೆಯ ಯೋಧರ ವಾದ. ಕರಾವಳಿ ರಕ್ಷಣಾ ಪಡೆ ಸಂಪರ್ಕಿಸಿದ ಮೇಲೆ ಹಡಗು ದಿಕ್ಕು ಬದಲಿಸಿ ಅದೇ ರಾತ್ರಿ ಕೊಚ್ಚಿಯ ಹೊರಗೆ ಲಂಗರು ಹಾಕಿತು. ಗುಂಡೇಟು ತಿಂದ ದೋಣಿ, ಹೆಣಗಳನ್ನು ಹೊತ್ತು ಕೊಲ್ಲಂ ಬಳಿಯ ನೀಂಡಕರಕ್ಕೆ ರಾತ್ರಿ ಮರಳಿತು. ಅಲ್ಲಿನ ಕರಾವಳಿ ಪೊಲೀಸ್ ಠಾಣೆಯಲ್ಲಿ ಕೊಲೆ ಪ್ರಕರಣ ದಾಖಲಾಯಿತು.

ಈಗ ಆ ರಾತ್ರಿಯ ಠಾಣಾಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. ದೋಣಿ ಒಂದು ಊರಿನಲ್ಲಿ, ಹಡಗು ಇನ್ನೊಂದು ಊರಿನ ಕಡಲಲ್ಲಿ. ಹಡಗಿಗೆ ಹತ್ತಲೂ ಬೇರೆ ದೋಣಿ ಬೇಕು, ಹಡಗಿನ ಕಾನೂನು ಬಲ್ಲವರು ಬೇಕು. ಬಂದೂಕು ಪರೀಕ್ಷಿಸುವ ವಿಧಿವಿಜ್ಞಾನ ಪ್ರಯೋಗಾಲಯ ಇರುವುದು ತಿರುವನಂತಪುರದಲ್ಲಿ. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿರಲಾರದು. ವಿಮಾನದ ಕಪ್ಪುಪೆಟ್ಟಿಗೆಯಂತೆ ದೊಡ್ಡ ಹಡಗುಗಳಲ್ಲೂ ಒಂದು ಯಂತ್ರವಿರುತ್ತದೆ. ಹಡಗಿನ ಜಾಗ, ವೇಗ, ಚುಕ್ಕಾಣಿ ಕೋಣೆಯ ಮಾತು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಅಂದಿನ ನಿಯಮದಂತೆ ಅದು ಕನಿಷ್ಠ 12 ಗಂಟೆಯ ದಾಖಲೆ ಇಟ್ಟುಕೊಂಡರೆ ಸಾಕಿತ್ತು. ಯಾರೂ ತೆಗೆದಿರಿಸದಿದ್ದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ನಾಲ್ಕೂವರೆಗೆ 12 ಗಂಟೆ ಕೂಡಿಸಿ ನೋಡಿ, ಬೆಳಗಿನ ಜಾವಕ್ಕೇ ಗಡುವು ಮುಗಿಯಿತು! ಇಂಥ ಸಾಕ್ಷ್ಯ ಕಚೇರಿ ತೆರೆಯುವ ಹತ್ತು ಗಂಟೆಯವರೆಗೆ ಕಾಯುವುದಿಲ್ಲ. 2014ರ ಜುಲೈ ನಂತರ ಅಳವಡಿಸುವ ಯಂತ್ರಗಳಿಗೆ 30 ದಿನಗಳ ದಾಖಲೆ ಕಡ್ಡಾಯವಾಗಿದೆ. ಅದು ಆಮೇಲಿನ ಮಾತು.

ಇಬ್ಬರು ಯೋಧರ ಬಂಧನವಾದದ್ದು ನಾಲ್ಕು ದಿನದ ನಂತರ, ಫೆಬ್ರುವರಿ 19ರಂದು. ಅವರನ್ನು ವಿಲ್ಲಿಂಗ್ಡನ್ ಐಲ್ಯಾಂಡ್‌ಗೆ ಕರೆತಂದಾಗ ದೇಶವೇ ಟಿ.ವಿ. ಮುಂದೆ ಕೂತಿತ್ತು. ಹಡಗಿನ ಬಂದೂಕುಗಳು ಪೊಲೀಸರ ಕೈಗೆ ಬಂದದ್ದು ಇನ್ನೂ ತಡವಾಗಿ, ತಿಂಗಳ ಕೊನೆಯ ವಾರದಲ್ಲಿ. ಆಮೇಲೆ ಪ್ರಕರಣ ಪೊಲೀಸರ ಕೈ ಮೀರಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳಕ್ಕೆ ಈ ವಿಚಾರಣೆಯ ಅಧಿಕಾರವಿಲ್ಲ ಎಂದಿತು. ಯೋಧರಿಗೆ ವಿನಾಯಿತಿ ಇದೆ, ಆದರೆ ಭಾರತಕ್ಕೆ ಪರಿಹಾರ ಸಿಗಬೇಕು ಎಂದು ಅಂತರರಾಷ್ಟ್ರೀಯ ಪಂಚಾಯ್ತಿ 2020ರಲ್ಲಿ ಹೇಳಿತು. ಹತ್ತು ಕೋಟಿ ರೂಪಾಯಿ ಪರಿಹಾರ ಬಂದ ಮೇಲೆ 2021ರ ಜೂನ್‌ನಲ್ಲಿ ಪ್ರಕರಣ ಮುಗಿಯಿತು. ಒಂಬತ್ತು ವರ್ಷ ನಡೆದ ವಾದವೆಲ್ಲ ನಿಂತದ್ದು ಮೊದಲ ಕೆಲವು ಗಂಟೆಗಳಲ್ಲಿ ಯಾರು ಎಲ್ಲಿದ್ದರು, ಏನು ಕಂಡರು ಎಂಬುದರ ಮೇಲೆ.

ಕರೆಸಿದರಷ್ಟೇ ಸಾಲದು, ಅವರು ಹೊತ್ತಿಗೆ ಬರಬೇಕು. ಇದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ರಾಜೀವ್ ಗಾಂಧಿ ಹತ್ಯೆಯ ಮುಖ್ಯ ಆರೋಪಿ ಶಿವರಾಸನ್ 1991ರ ಆಗಸ್ಟ್‌ನಲ್ಲಿ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದ. ಮನೆ ಗೊತ್ತಾಯಿತು, ಕಮಾಂಡೋಗಳೂ ಬಂದರು. ಆದರೆ ಜೀವಂತ ಹಿಡಿಯಬೇಕು, ಸಯನೈಡ್‌ಗೆ ಮದ್ದು ಬರಬೇಕು, ಹಿರಿಯರು ಬರಬೇಕು ಎಂದು ಕಾದರು. ಆಗಸ್ಟ್ 20ರ ಬೆಳಗಿನ ಜಾವ ನುಗ್ಗಿದಾಗ ಸಿಕ್ಕಿದ್ದು ಏಳು ಹೆಣ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಹಾಗಾದರೆ ಪ್ರತಿ ಜೇಬುಗಳ್ಳತನಕ್ಕೂ ಪತ್ತೇದಾರರನ್ನು ಎಬ್ಬಿಸಬೇಕೇ? ಬೇಡ. ಅವರೂ ಮನುಷ್ಯರು, ನಿದ್ದೆಗೆಟ್ಟ ಕಣ್ಣಿಗೆ ಸುಳಿವು ಕಾಣುವುದಿಲ್ಲ. ಆದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬಹುದು. ಬೆಳಗಿನೊಳಗೆ ಅಳಿಸಿಹೋಗುವ ಸಾಕ್ಷ್ಯ ಇದೆಯೇ? ಆರೋಪಿಯೋ ಸಾಕ್ಷಿಯೋ ಊರು ಬಿಡುವ ಸಂಭವ ಇದೆಯೇ? ಯಾರದಾದರೂ ಜೀವ ಇನ್ನೂ ಅಪಾಯದಲ್ಲಿದೆಯೇ? ಠಾಣೆಯಲ್ಲಿರುವವರಿಗೆ ಬಾರದ ವಿದ್ಯೆ ಇಲ್ಲಿ ಬೇಕೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಫೋನ್ ಎತ್ತಲೇಬೇಕು. ಅನುಮಾನದ ಸಾವಾದರೆ ಪ್ರಶ್ನೆಯೇ ಬೇಡ. ಮಳೆ, ಜನರ ಕಾಲ್ತುಳಿತ, ಬೀದಿನಾಯಿ, ಇವುಗಳಲ್ಲಿ ಯಾವುದೂ ಮಹಜರಿಗೆ ಕಾಯುವುದಿಲ್ಲ.

ಕಾನೂನೂ ನಿಧಾನವಾಗಿ ಇತ್ತಲೇ ಬಂದಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಂದ ಆರಂಭಿಸಿ, ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಲು ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನಂತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶ ಇದೆ.

ಕೇಳುಗರೇ, ಇದರಲ್ಲಿ ನಮ್ಮ ಪಾಲೂ ಇದೆ. ರಾತ್ರಿ ಏನಾದರೂ ನಡೆದರೆ 112ಕ್ಕೆ ಕರೆ ಮಾಡಿ, ಏನನ್ನೂ ಮುಟ್ಟಬೇಡಿ, ಎಷ್ಟು ಗಂಟೆಗೆ ಏನು ಕಂಡಿರಿ ಎಂದು ಬರೆದಿಡಿ. ದೂರು ಕೊಡುವಾಗ ಒಂದು ಮಾತು ಕೇಳಿ: ಸ್ವಾಮಿ, ಬೆಳಗಾಗುವುದರೊಳಗೆ ಇಲ್ಲಿ ಏನೇನು ಅಳಿಸಿಹೋಗಬಹುದು? ಆ ಪ್ರಶ್ನೆಯೇ ಎಷ್ಟೋ ಸಲ ಮಲಗಿರುವವರನ್ನು ಎಬ್ಬಿಸುತ್ತದೆ.