ಮಂಟೋವಾನಿ ಪಿಟೀಲುಗಳ ಹಿಂದಿದ್ದ ರೊನಾಲ್ಡ್ ಬಿಂಜ್

ಊರಿಡೀ ಓಡಾಡಿ ಬರೆದ ಸುದ್ದಿಗೆ ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಅಚ್ಚಾಗುವುದು ನಮಗೆಲ್ಲ ರೂಢಿ. ಬಹುಶಃ ಅದಕ್ಕೇ ಇರಬೇಕು, ರೊನಾಲ್ಡ್ ಬಿಂಜ್ ಕತೆ ನಮ್ಮನ್ನು ಹಿಡಿದು ನಿಲ್ಲಿಸಿತು.

ಬಿಂಜ್ ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ರೈಲ್ವೆ ಊರು ಡರ್ಬಿಯಲ್ಲಿ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹಾಡಿದರು, ಆರ್ಗನ್ ಕಲಿತರು, ಮೂಕಿ ಸಿನಿಮಾ ಓಡುವಾಗ ಪರದೆಯ ಪಕ್ಕ ಕೂತು ಅದನ್ನು ನುಡಿಸಿದರು. ಮುಂದೆ ಬ್ಲ್ಯಾಕ್‌ಪೂಲ್‌ನಂಥ ಕಡಲೂರುಗಳ ಬೇಸಿಗೆ ವಾದ್ಯವೃಂದಗಳು. ಯುದ್ಧ ಬಂದಾಗ ವಾಯುಪಡೆ. ಅಲ್ಲಿಯೂ ಶಿಬಿರದ ಮನರಂಜನೆಯ ಕೆಲಸವೇ.

ಯುದ್ಧ ಮುಗಿದ ಮೇಲೆ ಮಂಟೋವಾನಿಯ ವಾದ್ಯವೃಂದಕ್ಕೆ ಸ್ವರಸಂಯೋಜನೆ ಬರೆದುಕೊಡುವ ಕೆಲಸ ಸಿಕ್ಕಿತು. 1951ರಲ್ಲಿ ‘ಚಾರ್ಮೇನ್’ ಎಂಬ ಹಳೆಯ ಧಾಟಿಯನ್ನು ಬಿಂಜ್ ಹೊಸದಾಗಿ ಹೆಣೆದರು. ಅದೂ ಮೂಕಿ ಕಾಲದ ಸಿನಿಮಾದ್ದೇ! ಉಪಾಯ ಸರಳ. ಪಿಟೀಲುಗಾರರನ್ನು ಗುಂಪುಗಳಾಗಿ ಒಡೆದರು. ಮೊದಲ ಗುಂಪು ಒಂದು ಸ್ವರ ಹಿಡಿದು ನಿಂತಿರುವಾಗಲೇ ಎರಡನೆಯದು ಮುಂದಿನ ಸ್ವರ ಎತ್ತಬೇಕು, ಅದು ನಿಂತಿರುವಾಗ ಮೂರನೆಯದು. ದೊಡ್ಡ ಚರ್ಚಿನ ಕಲ್ಲುಗೋಡೆಗಳ ನಡುವೆ ನಾದ ಪ್ರತಿಧ್ವನಿಸುತ್ತ ಉಳಿಯುತ್ತದಲ್ಲ, ಹಾಗೆ. ಆದರೆ ಇಲ್ಲಿ ಯಾವ ಯಂತ್ರದ ಸಹಾಯವೂ ಇಲ್ಲ, ಎಲ್ಲವೂ ಕಾಗದದ ಮೇಲೇ ಬರೆದದ್ದು. ರೆಕಾರ್ಡು ಜಗತ್ತಿನಾದ್ಯಂತ ಖರ್ಚಾಯಿತು. ಜನ ಅದನ್ನು ‘ಮಂಟೋವಾನಿ ಸೌಂಡ್’ ಎಂದೇ ಕರೆದರು. ತಪ್ಪೇನೂ ಅಲ್ಲ, ರೆಕಾರ್ಡಿನ ಹೊದಿಕೆಯ ಮೇಲೆ ದೊಡ್ಡದಾಗಿ ಇದ್ದದ್ದು ಆ ಹೆಸರೇ.

ಬೇರೆಯವರ ಧಾಟಿಗೆ ಅಂಗಿ ಹೊಲಿದುಕೊಡುವ ಕೆಲಸ ಬಿಂಜ್‌ಗೆ ಬೇಸರ ತರಿಸಿತು. ಸ್ವಂತದ್ದು ಬರೆಯತೊಡಗಿದರು. ‘ಎಲಿಜಬೆತನ್ ಸೆರೆನೇಡ್’ ಬಂದದ್ದು ಹಾಗೆ. ಅದರ ಮೊದಲ ಹೆಸರು ‘ದಿ ಮ್ಯಾನ್ ಇನ್ ದಿ ಸ್ಟ್ರೀಟ್’, ಅಂದರೆ ಬೀದಿಯ ಸಾಮಾನ್ಯ ಮನುಷ್ಯ. 1952ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಗಾಳಿಯಲ್ಲಿ ಸಾಮಾನ್ಯನ ಹೆಸರು ಹೋಗಿ ರಾಣಿಯ ಹೆಸರು ಕೂತಿತು. ನಮಗಂತೂ ಹಳೆಯದೇ ಇಷ್ಟ. ಈ ಧಾಟಿ ಜಮೈಕಾಗೂ ಹೋಯಿತು: ಬೋರಿಸ್ ಗಾರ್ಡಿನರ್ ಅದನ್ನು ರೆಗ್ಗೆ ಮಾಡಿದರು. ಬ್ರಿಟನ್ನಿನಲ್ಲಿ ಬಂದ ಮೊದಲ ಪ್ರತಿಗಳ ಮೇಲೆ ಗಾರ್ಡಿನರ್ ಬದಲು ನಿರ್ಮಾಪಕ ಬೈರನ್ ಲೀ ಹೆಸರು ಅಚ್ಚಾಗಿತ್ತಂತೆ. ಈ ಧಾಟಿಯ ಹಣೆಬರಹವೇ ಹಾಗಿರಬೇಕು!

ಅಲ್ಲಿ ಇಂಥದ್ದಕ್ಕೆ ‘ಲೈಟ್ ಮ್ಯೂಸಿಕ್’ ಎನ್ನುತ್ತಾರೆ. ನಮ್ಮ ಸುಗಮ ಸಂಗೀತದಂತೆ ಕವಿತೆಯ ಹಾಡಲ್ಲ. ನಾಲ್ಕೈದು ನಿಮಿಷದ ವಾದ್ಯಕೃತಿ. ಇದಕ್ಕೆ ಅನ್ನ ಹಾಕಿದ್ದು ಬಿಬಿಸಿಯ ‘ಲೈಟ್ ಪ್ರೋಗ್ರಾಂ’. 1967ರಲ್ಲಿ ಆ ವಾಹಿನಿ ಮುಚ್ಚಿತು, ಪಾಪ್ ಹಾಡುಗಳಿಗೆ ಬೇರೆಯೇ ವಾಹಿನಿ ಬಂತು. ಬಿಂಜ್‌ರ ಪೀಳಿಗೆ ಬದುಕಿರುವಾಗಲೇ ಹಳತಾಯಿತು. ಅವರು ತೀರಿಕೊಂಡದ್ದು 1979ರಲ್ಲಿ.

ಆದರೂ ಒಂದು ಧಾಟಿ ಉಳಿಯಿತು. 1963ರ ‘ಸೇಲಿಂಗ್ ಬೈ’, ತೊಟ್ಟಿಲು ತೂಗಿದಂಥ ನಿಧಾನದ ವಾಲ್ಟ್ಸ್. ಬಿಬಿಸಿ ರೇಡಿಯೋ 4ರಲ್ಲಿ ದಶಕಗಳ ಕಾಲ, ನಡುರಾತ್ರಿ ಕಳೆದ ಮೇಲೆ, ಹಡಗಿನವರಿಗಾಗಿ ಓದುವ ಕಡಲ ಹವಾಮಾನ ವರದಿಗೆ ಮೊದಲು ಅದನ್ನೇ ಹಾಕುತ್ತ ಬಂದರು. ಕತ್ತಲಲ್ಲಿ ರೇಡಿಯೋ ತಿರುಗಿಸುತ್ತಿರುವ ನಾವಿಕನಿಗೆ ಸರಿಯಾದ ನಿಲ್ದಾಣ ಸಿಕ್ಕಿತು ಎಂಬ ಗುರುತು ಅದು. ಸ್ಟುಡಿಯೋದವರಿಗೆ ಮಿಕ್ಕ ನಿಮಿಷ ತುಂಬಿಸುವ ಸಾಧನ. ವರದಿಯ ವೇಳೆ ಆಯಿತೆಂದರೆ ಎಲ್ಲಿದೆಯೋ ಅಲ್ಲಿಗೇ ದನಿ ತಗ್ಗಿಸುತ್ತಾರೆ, ಗಾಳಿ ಮತ್ತು ಅಲೆಯ ಲೆಕ್ಕ ಶುರುವಾಗುತ್ತದೆ.