ತಾಯಿಯ ತೂಕ, ಕೂಸಿನ ಮೆದುಳು

"ಹೆಚ್ಚು ಉಣಬೇಡವ್ವಾ, ಕೂಸು ದಪ್ಪಾದರೆ ಹೆರಿಗೆ ಕಷ್ಟ." ಬಸುರಿಗೆ ಹಿರಿಯರು ಹೇಳುವ ಈ ಮಾತನ್ನು ನೀವೂ ಕೇಳಿರಬಹುದು. ಅಕ್ಕರೆಯಿಂದ ಹೇಳಿದ ಮಾತೇ ಅದು. ಹೆರಿಗೆ ತಡೆದರೆ ಶಸ್ತ್ರಕ್ರಿಯೆಯ ಆಸರೆಯಿಲ್ಲದ ಕಾಲದಲ್ಲಿ ಅದಕ್ಕೊಂದು ಅರ್ಥವೂ ಇತ್ತು. ಆದರೆ ಆ ಮಾತಿಗೆ ಬೆಲೆ ತೆರುವುದು ಗರ್ಭದ ಕೂಸು. ಇದನ್ನು ನಾವು ಅರಿತುಕೊಂಡ ಬಗೆಗೆ ಒಂದು ಇತಿಹಾಸವಿದೆ.

ಕೊಟ್ಟೂರಿನ ಸೀಮೆಗೆ ಹಸಿವು ಹೊಸದಲ್ಲ. 1876-78ರ ಧಾತು, ಈಶ್ವರ ಸಂವತ್ಸರಗಳ ಬರಗಾಲದಲ್ಲಿ, ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಬಹಳವಾಗಿ ಬಳಲಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಬರದ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ, ಮೇಲೊಂದಾಣೆ ಎಂಬಷ್ಟಕ್ಕೆ ಇಳಿಸಿದರು. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅವರು ಇದು ಜೀವ ಹಿಡಿಯಲು ಸಾಲದೆಂದು ಪ್ರತಿಭಟಿಸಿದರು. ವಾದವೆಲ್ಲ ದುಡಿಯುವ ಆಳಿನ ಹೊಟ್ಟೆಯನ್ನು ಕುರಿತದ್ದು. ತಾಯಿಯ ತೂಕದಿಂದ ಒಡಲ ಕೂಸಿನ ಸ್ಥಿತಿಯನ್ನು ತಿಳಿಯುವ ರೂಢಿ ಆಗಿನ್ನೂ ಬಂದಿರಲಿಲ್ಲ.

ಆ ಲೆಕ್ಕ ನಮ್ಮ ನಾಡಿನಲ್ಲಿ ಸಿಕ್ಕಿದ್ದು ಮೈಸೂರಿನಲ್ಲಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ದಾಖಲೆಗಳನ್ನು ಹಿಡಿದು, 1934-54ರಲ್ಲಿ ಅಲ್ಲಿ ಹುಟ್ಟಿದ 517 ಮಂದಿಯನ್ನು ವೈದ್ಯರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲ ಪ್ರಕಟವಾಯಿತು: ಕಡಿಮೆ ತೂಕದ ಕೂಸಾಗಿ ಹುಟ್ಟಿದವರಲ್ಲಿ, ತೂಕ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಹೃದ್ರೋಗ ಹೆಚ್ಚು.

ಹೃದಯದ ಮಾತು ಹೀಗಾದರೆ ಮೆದುಳಿನದೇನು? 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಂದ ಮತ್ತೊಂದು ಅಧ್ಯಯನ ಮೊದಲಾಯಿತು. ಅವರ ಮಕ್ಕಳಿಗೆ ಒಂಬತ್ತು ಹತ್ತು ವರ್ಷವಾದಾಗ ನೆನಪು, ಕಲಿಕೆಗಳ ಪರೀಕ್ಷೆ ನಡೆಯಿತು. ಹುಟ್ಟಿದಾಗ ತೂಕವೂ ತಲೆಯ ಸುತ್ತಳತೆಯೂ ಹೆಚ್ಚಿದ್ದ ಮಕ್ಕಳು ಸರಾಸರಿಯಲ್ಲಿ ಮುಂದಿದ್ದರು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಸತ್ವ ಚೆನ್ನಾಗಿದ್ದವರ ಮಕ್ಕಳೂ ಹಾಗೆಯೇ. ಹಾಗೆಂದು ಚಿಕ್ಕದಾಗಿ ಹುಟ್ಟಿದ ಕೂಸು ದಡ್ಡನಾಗುವುದೆಂದು ಯಾರೂ ಎದೆಗೆಡಬೇಕಾಗಿಲ್ಲ. ಮನೆಯ ಅನುಕೂಲ, ತಂದೆತಾಯಿಯರ ವಿದ್ಯೆಗಳೂ ಬುದ್ಧಿಯನ್ನು ಬೆಳೆಸುತ್ತವೆ.

ಕಾರಣ ಸರಳ. ಮೆದುಳಿಗೆ ಮೂಲವಾದ ನಾಳವು ಗರ್ಭ ನಿಂತ ನಾಲ್ಕು ವಾರಗಳಲ್ಲೇ ಮುಚ್ಚಿಕೊಳ್ಳುತ್ತದೆ. ತಾನು ಬಸುರಿಯೆಂದು ಹೆಂಗಸಿಗೆ ತಿಳಿಯುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಮೆದುಳು ಭರದಿಂದ ಬೆಳೆಯುತ್ತದೆ. ಆದ್ದರಿಂದ ಮದುವೆಗೆ ಬಂದ ಹುಡುಗಿಯ ಊಟದಿಂದಲೇ ಲೆಕ್ಕ ಆರಂಭ.

ಸರಕಾರವೂ ಈ ದಾರಿಯನ್ನೇ ಹಿಡಿಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಹುಟ್ಟಿತು. 2017ರಲ್ಲಿ ಅದೇ ದಿನ ಕರ್ನಾಟಕದಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಆರಂಭವಾಯಿತು.

ಸಾಧಾರಣ ಮೈಕಟ್ಟಿನ ಬಸುರಿ ಒಂಬತ್ತರಿಂದ ಹನ್ನೊಂದು ಕಿಲೋ ಏರಬೇಕೆಂಬುದು ನಮ್ಮಲ್ಲಿಯ ಸಾಮಾನ್ಯ ಸಲಹೆ. ಬಡಕಲಾದವಳಿಗೆ ಇನ್ನೂ ಹೆಚ್ಚು ಬೇಕು. ಮಿತಿಮೀರಿದ ತೂಕವೂ ಒಳಿತಲ್ಲ. ಅದು ಸಕ್ಕರೆ ಕಾಯಿಲೆಗೆ ದಾರಿ. ಆದ್ದರಿಂದ ತಾಯಿ ಕಾರ್ಡಿನಲ್ಲಿ ಬರೆದ ತೂಕವನ್ನು ತಿಂಗಳಿಗೊಮ್ಮೆ ಮನೆಯವರೆಲ್ಲ ನೋಡಿರಿ. ಮತ್ತೆ ಆ ಹಳೆಯ ಮಾತು ಕಿವಿಗೆ ಬಿದ್ದರೆ, ಜೋಳದ ರೊಟ್ಟಿಯ ಜೊತೆಗೆ ಸೊಪ್ಪು, ಬೇಳೆ, ಶೇಂಗಾ ಬಡಿಸುತ್ತ ಹೀಗೆನ್ನಿರಿ: "ಉಣ್ಣಲಿ ಬಿಡಮ್ಮಾ, ಉಣ್ಣುತ್ತಿರುವವರು ಇಬ್ಬರು."